ಹಿರೀಸೊಸೆಯ ಕೆಳಗಿನ ಸಾಲು

ಗೆರೆ ಮೇಸ್ತ್ರಿ ಹೊಸ ಅಂಗಿ ತೊಟ್ಟು ಮನೆಯಿಂದ ಹೊರಡುವಾಗ ಅವನ ಹೆಂಡತಿ ಬಾಗಿಲವರೆಗೂ ಬಂದು ಒಂದೇ ಮಾತು ಹೇಳಿದ್ದಳು. "ಇವತ್ತೊಂದು ದಿನ ಎಲ್ಲೂ ಸೊಟ್ಟ ಹುಡುಕಬೇಡಿ. ಮಗಳ ಮಾನ ಉಳಿಸಿ."

ಅವಳು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ನಲವತ್ತು ವರ್ಷ ಬಡಗಿ ಕೆಲಸ ಮಾಡಿದ ಈ ಮನುಷ್ಯ ಯಾರ ಮನೆಗೆ ಹೋದರೂ ಕುರ್ಚಿಯಲ್ಲಿ ಕೂರುವ ಮೊದಲು ಅದರ ಕಾಲು ಅಲ್ಲಾಡಿಸಿ ನೋಡುತ್ತಿದ್ದ. ಎದೆನೋವೆಂದು ಡಾಕ್ಟರ ಹತ್ತಿರ ಹೋದವನು ಎದೆಯ ವಿಷಯ ಮರೆತು, ಅವರ ಮೇಜಿನ ಡ್ರಾಯರು ಯಾಕೆ ಪೂರ್ತಿ ಮುಚ್ಚುತ್ತಿಲ್ಲ ಎಂದು ವಿವರಿಸಿ ಬಂದಿದ್ದ. ಕೂದಲೆಳೆಯಷ್ಟು ಗೆರೆ ತಪ್ಪಿದರೂ ಸರಿ, ಮುಗಿದ ಕೆಲಸವನ್ನು ಬಿಚ್ಚಿಸಿ ಮತ್ತೆ ಮಾಡಿಸುತ್ತಿದ್ದ. ಕೆಲಸಗಾರರು ಹಿಂದಿನಿಂದ ಬೈಯುತ್ತಾ ಇಟ್ಟ ಹೆಸರು ಗೆರೆ ಮೇಸ್ತ್ರಿ. ಬೈಗುಳವಾಗಿ ಹುಟ್ಟಿದ್ದು ಹತ್ತು ವರ್ಷದಲ್ಲಿ ಬಿರುದಾಯಿತು. ಅವನಿಗೂ ಒಳಗೊಳಗೆ ಹೆಮ್ಮೆಯೇ.

ಆ ಹೆಮ್ಮೆಯ ತುದಿ ಈ ರಂಗಮಂದಿರ. ಊರವರೆಲ್ಲ ಒಂದು ವರ್ಷದಿಂದ ಬೀದಿಯಲ್ಲಿ ನಿಂತು ಕತ್ತೆತ್ತಿ ನೋಡುತ್ತಿದ್ದ ಕಟ್ಟಡ. ಹೊರಗಿನಿಂದ ನೋಡಿದರೆ ಬಿಳಿ ಹಾಳೆಯೊಂದನ್ನು ನಾಲ್ಕಾರು ಕಡೆ ಮಡಿಸಿ ನೆಲಕ್ಕೆ ತಾಗಿಯೂ ತಾಗದಂತೆ ಇಟ್ಟ ಹಾಗಿತ್ತು. ಒಳಗೆ ಕಾಲಿಟ್ಟರೆ ಮೂರು ಅಂತಸ್ತಿನ ಗಾಜಿನ ಗೋಡೆ, ಅದರಾಚೆ ಬೀದಿಯ ಮರಗಳು, ಬಸ್ಸುಗಳು, ಸದ್ದಿಲ್ಲದೆ ಓಡಾಡುವ ಜನ. ನಡುವೆ ಒಂದೇ ಒಂದು ಕಂಬದ ಹಂಗಿಲ್ಲದೆ ಸುತ್ತಿಕೊಂಡು ಮೇಲೇರುವ ಮೆಟ್ಟಿಲು. ಅದನ್ನು ಹತ್ತುವವರು ಮೊದಲ ನಾಲ್ಕು ಹೆಜ್ಜೆ ಕೈಹಿಡಿಯನ್ನು ಗಟ್ಟಿಯಾಗಿ ಹಿಡಿದೇ ಹತ್ತುತ್ತಿದ್ದರು. ಐದನೆಯದರಲ್ಲಿ ನಂಬಿಕೆ ಬಂದು ಕೈ ಬಿಡುತ್ತಿದ್ದರು. ಇವತ್ತು ಸಂಜೆ ಆರಕ್ಕೆ ಇಲ್ಲಿ ಮೊದಲ ಕಾರ್ಯಕ್ರಮ. ಮಧ್ಯಾಹ್ನ ಎರಡೂವರೆಗೆ ಸಾರ್ವಜನಿಕರಿಗೆ ಕಟ್ಟಡ ತೋರಿಸುವ ಏರ್ಪಾಡು. ತೋರಿಸುವವಳು ಅವನ ಮಗಳು. ಕೆಲಸಕ್ಕೆ ಸೇರಿ ಒಂದು ತಿಂಗಳಾಗಿತ್ತು, ಇನ್ನೂ ಕಾಯಂ ಆಗಿರಲಿಲ್ಲ.

ಇಪ್ಪತ್ತು ಜನರ ಗುಂಪಿನ ಬಾಲದಲ್ಲಿ ಮೇಸ್ತ್ರಿ ಕೈಕಟ್ಟಿ ನಡೆದ. ಮೆಟ್ಟಿಲ ಪಕ್ಕದ ಮರದ ಪಟ್ಟಿಯೊಂದರ ಜೋಡಣೆ ಕಂಡು ಬಾಯಿ ತೆರೆದವನು ಹೆಂಡತಿಯ ಮಾತು ನೆನಪಾಗಿ ಮುಚ್ಚಿದ. ಮಗಳು ಎರಡಾಳು ಎತ್ತರದ ಬಾಗಿಲನ್ನು ಒಂದೇ ಬೆರಳಿನಿಂದ ತಳ್ಳಿ ಎಲ್ಲರನ್ನೂ ಸಭಾಂಗಣದೊಳಕ್ಕೆ ಕರೆದುಕೊಂಡಳು.

"ಈಗ ಒಂದ್ನಿಮಿಷ ಯಾರೂ ಮಾತಾಡ್ಬೇಡಿ," ಅಂದಳು. "ನಿಮ್ಮ ಉಸಿರು ನಿಮಗೇ ಕೇಳುತ್ತೆ."

ನಿಜವಾಗಿಯೂ ಕೇಳಿತು. ಸಾವಿರದ ನೂರು ಕುರ್ಚಿಗಳು ವೇದಿಕೆಯ ಕಡೆ ಮುಖ ಮಾಡಿ ಕಾದಿದ್ದವು. ಎರಡು ಪಕ್ಕದ ಗೋಡೆಗಳು ಎದುರುಬದುರು ನಿಲ್ಲದೆ ಒಂಚೂರು ಓರೆಯಾಗಿ ನಿಂತಿದ್ದವು. ಮೇಲೆ ಜೇನಿನ ಬಣ್ಣದ ಮರದ ಚಾವಣಿ, ಒಣಹಾಕಿದ ಸೀರೆ ಗಾಳಿಗೆ ಉಬ್ಬಿದ ಹಾಗೆ, ಒಂದು ಗೋಡೆಯಿಂದ ಇನ್ನೊಂದು ಗೋಡೆಯವರೆಗೆ ಏರಿ ಇಳಿದು ಹರಡಿತ್ತು. ಯಾರೋ ಒಬ್ಬರು ಅಯ್ಯಬ್ಬಾ ಅಂದರು. ಆ ಅಯ್ಯಬ್ಬಾ ಕೊನೆಯ ಸಾಲಿನವರೆಗೂ ಹೋಗಿ ಬಂತು.

"ಮುನ್ನೂರ ಹನ್ನೆರಡು ಹಲಗೆ," ಮಗಳು ಹೇಳುತ್ತಿದ್ದಳು. "ಒಂದರ ಬಾಗು ಇನ್ನೊಂದಕ್ಕಿಲ್ಲ. ವೇದಿಕೆ ಮೇಲೆ ಪಿಸುಗುಟ್ಟಿದ್ರೂ ಹಿಂದಿನವರಿಗೆ ಕೇಳೋದು ಈ ಬಾಗುಗಳಿಂದಾನೇ. ಪ್ರತಿ ಎರಡು ಹಲಗೆ ನಡುವೆ ಅರ್ಧ ಬೆರಳು ಸಂದು ಬಿಟ್ಟಿದಾರೆ. ಎಲ್ಲಾ ಕಡೆ ಒಂದೇ ಸಮ. ಆ ಕಪ್ಪು ಗೆರೆಗಳು ಕಾಣ್ತಿವೆಯಲ್ಲ, ಅವೇ." ಆಮೇಲೆ ಒಂದು ಕ್ಷಣ ತಡೆದಳು. ತಂದೆಯ ಕಡೆ ನೋಡಿ ನಕ್ಕಳು. "ಇದನ್ನ ಹೇಳಬಾರದು ಅಂತ ನಮಗೆ ಹೇಳ್ಕೊಟ್ಟಿದಾರೆ. ಆದ್ರೂ ಹೇಳಿಬಿಡ್ತೀನಿ. ಈ ಚಾವಣಿ ಕೂರಿಸಿದ ಮೇಸ್ತ್ರಿ ನಿಮ್ಮ ಜೊತೇಲೇ ನಿಂತಿದಾರೆ. ನಮ್ಮಪ್ಪ."

ಇಪ್ಪತ್ತು ಜನರೂ ತಿರುಗಿದರು. ಚಪ್ಪಾಳೆ ಬಿತ್ತು. ಆ ಸಭಾಂಗಣದ ಗುಣವೇ ಅದು, ಇಪ್ಪತ್ತು ಜನ ತಟ್ಟಿದರೆ ಇನ್ನೂರು ಜನ ತಟ್ಟಿದಂತೆ ಕೇಳುತ್ತದೆ. ಮೇಸ್ತ್ರಿಗೆ ಕಿವಿಯವರೆಗೂ ಬಿಸಿಯಾಯಿತು. ಯಾರ ಮುಖ ನೋಡಬೇಕೆಂದು ತಿಳಿಯದೆ ನಾಚಿಕೊಂಡು ಮೇಲೆ ನೋಡಿದ.

ನೋಡಿದವನ ಕಣ್ಣು ಒಂದು ಕಡೆ ಹೋಗಿ ನಿಂತಿತು.

ಹದಿನಾಲ್ಕನೆಯ ಸಾಲಿನ ನಡುವೆ, ನೆತ್ತಿಯ ಮೇಲೆ, ಒಂದು ಹಲಗೆಯ ಎಡ ಮೂಲೆಯಲ್ಲಿ ಆ ಕಪ್ಪು ಗೆರೆ ಅರ್ಧ ಬೆರಳಿನದ್ದಾಗಿರಲಿಲ್ಲ. ಎರಡು ಬೆರಳಿನಷ್ಟಾಗಿತ್ತು. ಬೇರೆ ಯಾರ ಕಣ್ಣಿಗೂ ಬೀಳುವಂಥದ್ದಲ್ಲ. ಹಲಗೆಯ ಮೂಲೆ ಹಾಗೇ ಒಂದು ಚೂರು ಜಗ್ಗಿತ್ತು. ಅದೇ ಹಲಗೆಯ ನಡುವೆ ಕಣ್ಣಿನಂಥ ಒಂದು ಕಂದು ಗಂಟು. ಆ ಗಂಟನ್ನು ಅವನು ಸಾವಿರ ಹಲಗೆಗಳ ನಡುವೆಯೂ ಗುರುತು ಹಿಡಿಯಬಲ್ಲ. ಅದು ಹಿರೀಸೊಸೆ.

ಹಿರೀಸೊಸೆ ಅನ್ನುವುದು ಕೆಲಸಗಾರರು ತಮಾಷೆಗೆ ಇಟ್ಟ ಹೆಸರು. ಚಾವಣಿ ಕೆಲಸ ಶುರುವಾಗುವ ಮೊದಲು, ಕಟ್ಟಡದ ನಕ್ಷೆ ಬರೆದ ಸಾಹೇಬರಿಗೆ ತೋರಿಸಲೆಂದು ಒಂದೇ ಒಂದು ಹಲಗೆಯನ್ನು ಮಾದರಿಗೆ ಮೇಲೆ ತೂಗುಹಾಕಿದ್ದರು. ಸಾಹೇಬರು ಕೆಳಗೆ ಹದಿನಾಲ್ಕನೆಯ ಸಾಲು ಬರುವಲ್ಲಿ ಕುರ್ಚಿ ಹಾಕಿಸಿಕೊಂಡು ಕೂತು, ಇನ್ನೊಂಚೂರು ಎತ್ತಿ, ಇನ್ನೊಂಚೂರು ಇಳಿಸಿ, ಎಡಕ್ಕೆ ವಾಲಿಸಿ ಎನ್ನುತ್ತಾ ಹನ್ನೊಂದು ದಿನ ಅವರ ಪ್ರಾಣ ತಿಂದರು. ದಿನಕ್ಕೆ ಹತ್ತು ಸಲ ಎತ್ತಿ ಇಳಿಸಬೇಕಾದ್ದನ್ನು ಬೋಲ್ಟು ಹಾಕಿ ಬಿಗಿಯಲಾಗುತ್ತದೆಯೇ? ನಾಲ್ಕು ಬೋಲ್ಟಿನ ಬದಲು ಎರಡು ತಾತ್ಕಾಲಿಕ ಕೊಂಡಿಗಳಲ್ಲಿ ಸಿಕ್ಕಿಸಿದ್ದರು. ಹನ್ನೆರಡನೆಯ ದಿನ ಸಾಹೇಬರು ಎದ್ದು ನಿಂತು, "ಇದೇ! ಇನ್ನು ಇದನ್ನ ಯಾರೂ ಮುಟ್ಟಬೇಡಿ, ಮಿಕ್ಕಿದ್ದೆಲ್ಲ ಇದರ ಹಾಗೇ ಬರಲಿ," ಅಂದರು. ಅಂದಿನಿಂದ ಅದು ಹಿರೀಸೊಸೆ. ಮನೆಗೆ ಮೊದಲು ಬಂದವಳು, ಆಮೇಲೆ ಬಂದವರ ಅಳತೆಯೆಲ್ಲ ಅವಳಿಂದ, ಅವಳನ್ನು ಮಾತ್ರ ಯಾರೂ ಹೇಗಿದ್ದೀ ಎಂದು ಕೇಳುವುದಿಲ್ಲ.

ನಿಜವಾಗಿಯೂ ಯಾರೂ ಕೇಳಲಿಲ್ಲ. ಪಟ್ಟಿಯಲ್ಲಿ ಅದು ಒಂದನೇ ನಂಬರು. ಮೇಲೆ ಕೂತಿದೆಯಲ್ಲ ಎಂದು ಮೊದಲ ದಿನವೇ ಅದರ ಮುಂದೆ ಸರಿ ಗುರುತು ಬಿತ್ತು. ಮಿಕ್ಕ ಮುನ್ನೂರ ಹನ್ನೊಂದನ್ನು ನಾಲ್ಕು ನಾಲ್ಕು ಬೋಲ್ಟು ಹಾಕಿ ಕೂರಿಸಿದರು. ಕೊನೆಯ ಬೋಲ್ಟು ಬಿಗಿದವನು ಹಲಗೆಯ ಬೆನ್ನ ಮೇಲೆ ಪೆನ್ಸಿಲಿನಿಂದ ತನ್ನ ಗುರುತು ಹಾಕುವುದು ಮೇಸ್ತ್ರಿಯ ತಂಡದ ಪದ್ಧತಿ. ಒಬ್ಬ ಮೀನು ಬರೆಯುತ್ತಿದ್ದ, ಇನ್ನೊಬ್ಬ ಸೊನ್ನೆ ಸುತ್ತುತ್ತಿದ್ದ, ಮೇಸ್ತ್ರಿಯದು ಒಂದು ನೇರ ಗೆರೆ. ಕೊನೆಯ ದಿನ ಅವನೇ ಟಾರ್ಚು ಹಿಡಿದು ಚಾವಣಿಯ ಮೇಲೆ ಹತ್ತಿ, ಒಂದೊಂದು ಬೆನ್ನಿನ ಗುರುತನ್ನೂ ನೋಡಿಕೊಂಡು ಬಂದ. ಒಂದನ್ನು ಬಿಟ್ಟು. ಹಿರೀಸೊಸೆ ಏಸಿಯ ದಪ್ಪ ಕೊಳವೆಯ ಹಿಂದೆ ಇದ್ದಳು. ಅಲ್ಲಿಗೆ ಹೊಟ್ಟೆಯ ಮೇಲೆ ತೆವಳಿಕೊಂಡು ಹೋಗಬೇಕು. ಮೊಣಕಾಲು ನೋಯುತ್ತಿತ್ತು. ಅವಳದ್ದು ಏನು ನೋಡುವುದು, ಎಲ್ಲಕ್ಕಿಂತ ಮೊದಲು ಕೂರಿಸಿದ್ದಲ್ಲವೇ ಎಂದುಕೊಂಡು ಇಳಿದ. ಇಳಿದವನೇ, ಮುನ್ನೂರ ಹನ್ನೆರಡನ್ನೂ ಖುದ್ದಾಗಿ ಪರೀಕ್ಷಿಸಿದ್ದೇನೆ ಎಂಬ ಕಾಗದಕ್ಕೆ ಸಹಿ ಹಾಕಿದ.

ಎಂಟು ತಿಂಗಳಾಗಿತ್ತು. ಎಂಟು ತಿಂಗಳಿಂದ ನಲವತ್ತು ಕಿಲೋ ಮರ ಎರಡು ಕೊಂಡಿಯಲ್ಲಿ ತೂಗುತ್ತಿತ್ತು. ಈಗ ಆ ಎರಡರಲ್ಲಿ ಒಂದು ಬಾಯಿ ಬಿಡುತ್ತಿತ್ತು.

"ಅಪ್ಪ, ಬಾ," ಮಗಳು ಬಾಗಿಲಿನಿಂದ ಕರೆದಳು. ಗುಂಪು ಆಗಲೇ ಹೊರಗೆ ಹೋಗಿತ್ತು.

ಅವನು ಹೋದ. ಏನೂ ಹೇಳಲಿಲ್ಲ. ಹೇಳದೇ ಹೋದದ್ದನ್ನು ಇಲ್ಲಿ ಮುಚ್ಚಿಡುವುದು ಬೇಡ. ಯಾರ ಮನೆಯ ಕುರ್ಚಿಯನ್ನೂ ಬಿಡದ ಮನುಷ್ಯ ತನ್ನ ಹಲಗೆಯ ವಿಷಯ ಬಂದಾಗ ಬಾಯಿಗೆ ಬೀಗ ಹಾಕಿಕೊಂಡ. ಎರಡನೆಯ ಅಂತಸ್ತಿನಲ್ಲಿ ಮಗಳು ಗಾಜಿನ ಗೋಡೆ ತೋರಿಸುವಾಗ, ತನ್ನ ಕಣ್ಣೇ ಮಂಜಾಗಿರಬೇಕು ಅಂದುಕೊಂಡ. ತಾಲೀಮಿನ ಕೋಣೆಯಲ್ಲಿ ನೆಲದ ಕೆಳಗೆ ರಬ್ಬರು ಹಾಸಿದ ಕಥೆ ಹೇಳುವಾಗ, ತಾನು ಬಿಟ್ಟ ಮೇಲೆ ಬೇರೆ ಯಾರಾದರೂ ಹತ್ತಿ ಬೋಲ್ಟು ಹಾಕಿರಬಹುದು ಅಂದುಕೊಂಡ. ಯಾರು ಹಾಕುತ್ತಾರೆ? ಅವನ ಸಹಿ ಇದ್ದ ಮೇಲೆ ಇನ್ನೊಬ್ಬರು ಯಾಕೆ ಹತ್ತುತ್ತಾರೆ? ಹೊಸ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

ಆಗ ಗೋಡೆಯಾಚೆಯಿಂದ ಸದ್ದು ಬಂತು. ಧಮ್. ಧಮ್. ಕಾಲಿನಡಿಯ ನೆಲ ನಡುಗಿತು.

"ಸಂಜೆ ಕಾರ್ಯಕ್ರಮದವರು," ಮಗಳು ಗುಂಪಿಗೆ ಹೇಳಿದಳು. "ಇಪ್ಪತ್ನಾಲ್ಕು ದೊಡ್ಡ ಡ್ರಮ್ಮು. ಮೂರು ದಿನದಿಂದ ಸಭಾಂಗಣದಲ್ಲೇ ತಾಲೀಮು ಮಾಡ್ತಿದಾರೆ."

ಮೇಸ್ತ್ರಿ ಗೋಡೆಗೆ ಅಂಗೈ ಒತ್ತಿ ನಿಂತ. ಪ್ರತಿ ಏಟಿಗೂ ಗೋಡೆ ಅಂಗೈಯನ್ನು ಒಂದು ಸಲ ನೂಕುತ್ತಿತ್ತು. ಮೂರು ದಿನ. ಕೊಂಡಿ ಯಾಕೆ ಬಾಯಿ ಬಿಟ್ಟಿತು ಎನ್ನುವುದು ಇನ್ನು ಯಾರನ್ನೂ ಕೇಳಬೇಕಾಗಿರಲಿಲ್ಲ.

ಗುಂಪು ಮತ್ತೆ ಕೆಳಗಿಳಿಯಿತು. ಮಗಳು ಎಲ್ಲರಿಗೂ ಕೈಮುಗಿದು ಬೀಳ್ಕೊಡುತ್ತಿದ್ದಾಗ, ಕೋಲೂರಿಕೊಂಡು ಬಂದಿದ್ದ ಒಬ್ಬ ಅಜ್ಜಿ ಅವಳ ಕೈ ಹಿಡಿದುಕೊಂಡಳು. "ಅಲ್ಲಮ್ಮ, ಇಷ್ಟೊಂದು ಸೀಟಿವೆಯಲ್ಲ, ಇದರಲ್ಲಿ ಒಳ್ಳೇದು ಯಾವುದು?"

"ಗುಟ್ಟು ಹೇಳ್ತೀನಿ ಅಜ್ಜಿ," ಅಂದಳು ಮಗಳು. "ಹದಿನಾಲ್ಕನೇ ಸಾಲಿನ ನಡುವೆ. ನಕ್ಷೆ ಬರೆದೋರು ಅಲ್ಲೇ ಕೂತು ಎಲ್ಲಾ ಅಳತೆ ನೋಡಿದ್ದು."

ಅಜ್ಜಿ ಚೀಲದಿಂದ ಟಿಕೆಟ್ಟು ತೆಗೆದು ಕಣ್ಣಿನ ಹತ್ತಿರ ಹಿಡಿದು ಓದಿದಳು. ಬೊಚ್ಚುಬಾಯಿ ಅಗಲಿಸಿ ನಕ್ಕಳು. "ಅದೇ ನಂದು! ನಾನೂ, ನನ್ನ ಮೊಮ್ಮಕ್ಕಳಿಬ್ಬರೂ."

ಅಜ್ಜಿ ಬಾಗಿಲು ದಾಟುವುದನ್ನೇ ಕಾದು, ಮೇಸ್ತ್ರಿ ಮಗಳ ರಟ್ಟೆ ಹಿಡಿದು ಕೋಟು ನೇತುಹಾಕುವ ಮೂಲೆಗೆ ಎಳೆದುಕೊಂಡು ಹೋದ.

"ಪುಟ್ಟಿ, ಒಂದು ಮಾತು. ಕೋಪ ಮಾಡ್ಕೋಬೇಡ."

"ಸೊಟ್ಟ ಹುಡುಕಿದ್ಯಾ?" ಅವಳು ನಗುತ್ತಲೇ ಕೇಳಿದಳು. "ಅಮ್ಮ ಫೋನ್ ಮಾಡಿ ಹೇಳಿದ್ಲು, ಹುಡುಕ್ತಾರೆ ನೋಡು ಅಂತ. ಎಲ್ಲಿ, ಮೆಟ್ಟಿಲ ಹತ್ರಾನಾ?"

ಅವನು ಹೇಳಿದ. ಮೊದಲಿನಿಂದ ಕೊನೆಯವರೆಗೆ, ಮೊಣಕಾಲು ನೋವಿನ ಸಮೇತ ಹೇಳಿದ. ಹೇಳುತ್ತಾ ಹೇಳುತ್ತಾ ಅವಳ ಮುಖದ ನಗು ಇಳಿಯುವುದನ್ನು ನೋಡಿದ. ಅದನ್ನು ನೋಡುವುದು ಅವನಿಗೆ ಎಲ್ಲಕ್ಕಿಂತ ಕಷ್ಟವಾಯಿತು.

"ಅಷ್ಟು ಜನರ ಎದುರಿಗೆ ನಮ್ಮಪ್ಪ ಅಂದೆನಲ್ಲ ನಾನು," ಅಂದಳು ಕೊನೆಗೆ. ಧ್ವನಿ ಸಣ್ಣದಾಗಿತ್ತು. "ಅವರು ಚಪ್ಪಾಳೆ ತಟ್ತಿದ್ದಾಗ್ಲೇ ನಿಂಗೆ ಕಾಣಿಸ್ತಿತ್ತಾ?"

"ಕಾಣಿಸ್ತಿತ್ತು."

"ಮತ್ತೆ ಮುಕ್ಕಾಲು ಗಂಟೆ ಸುಮ್ನೆ ನನ್ನ ಹಿಂದೆ ಓಡಾಡಿದ್ಯಾ?"

ಅವಳು ಉತ್ತರಕ್ಕೆ ಕಾಯಲಿಲ್ಲ. ತಿರುಗಿ ಸರಸರನೆ ಮ್ಯಾನೇಜರರ ಕೋಣೆಯ ಕಡೆ ನಡೆದಳು. ಅವನು ಅಪರಾಧಿಯ ಹಾಗೆ ಹಿಂದೆ ನಡೆದ. ಅಪರಾಧಿಯೇ ತಾನೆ.

ಮ್ಯಾನೇಜರಮ್ಮ ಒಂದು ಕಿವಿಗೆ ಫೋನು, ಇನ್ನೊಂದು ಕೈಯಲ್ಲಿ ಹೂಗುಚ್ಛದ ಪಟ್ಟಿ ಹಿಡಿದು ನಿಂತಿದ್ದರು. ಗೋಡೆ ಗಡಿಯಾರ ನಾಲ್ಕು ಗಂಟೆ ತೋರಿಸುತ್ತಿತ್ತು. ಐದೂವರೆಗೆ ಬಾಗಿಲು ತೆರೆಯಬೇಕು. ಅಪ್ಪ ಮಗಳು, ಅಜ್ಜಿಯ ಸೀಟಿನ ವಿಷಯದ ಸಮೇತ, ಹೇಳಿದ್ದನ್ನು ಕೇಳಿ ಅವರು ಫೋನು ಇಟ್ಟು, ಬೀರುವಿನಿಂದ ಒಂದು ದಪ್ಪ ಕಡತ ತೆಗೆದು, ಬೆರಳಿಗೆ ಉಗುಳು ಹಚ್ಚಿ ಹಾಳೆ ತಿರುವಿದರು.

"ಇಲ್ಲಿ ನೋಡಿ. ಒಂದನೇ ಹಲಗೆ, ಸರಿ ಇದೆ. ಕೆಳಗೆ ಸಹಿ. ಯಾರದ್ದಿದು?"

"ನಂದೇ ಮೇಡಂ."

"ಖುದ್ದಾಗಿ ಪರೀಕ್ಷಿಸಿದ್ದೇನೆ ಅಂತ ಬರೆದಿದೆ."

"ಬರೆದಿದೆ. ಪರೀಕ್ಷೆ ಮಾಡಿಲ್ಲ."

"ಅಂದ್ರೆ ಆಗ ಬರೆದದ್ದು ಸುಳ್ಳು, ಈಗ ಹೇಳೋದು ನಿಜ. ನಾನು ಯಾವುದನ್ನ ನಂಬಬೇಕು?" ಮ್ಯಾನೇಜರಮ್ಮನ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ. ಅವರಿಗೆ ನಿಜವಾಗಿಯೂ ಗೊತ್ತಾಗುತ್ತಿರಲಿಲ್ಲ. "ಇಂಜಿನಿಯರು ಬೇರೆ ಊರಲ್ಲಿದಾರೆ, ನಾಳೆ ಬರ್ತಾರೆ. ನಾಳೆ ನೋಡೋಣ. ಕೆಳಗಿಂದ ನೋಡಿ ಮೇಲಿನ ಕೊಂಡಿ ಹೇಳೋಕೆ ನಿಮಗೇನು ದಿವ್ಯದೃಷ್ಟಿ ಇದೆಯಾ?"

ಮೇಸ್ತ್ರಿ ಏನೋ ಹೇಳಹೋದ. ನಲವತ್ತು ವರ್ಷ ಅವನ ಮಾತನ್ನು ಯಾರೂ ಎರಡನೆಯ ಸಲ ಕೇಳಿರಲಿಲ್ಲ. ಈಗ ಅವನ ಮಾತಿಗೆ ಅವನ ಸಹಿಯೇ ಅಡ್ಡ ನಿಂತಿತ್ತು.

"ಮೇಡಂ," ಮಗಳು ಮುಂದೆ ಬಂದಳು. "ಒಂದು ವಿಷಯ ಹೇಳ್ಲಾ? ನಮ್ಮಪ್ಪ ಲೋಕದ ತಪ್ಪನ್ನೆಲ್ಲಾ ಹುಡುಕ್ತಾರೆ. ನಮ್ಮನೇಲಿ ಅವರಿಂದ ಬೈಸಿಕೊಳ್ಳದ ಬಾಗಿಲಿಲ್ಲ. ಆದ್ರೆ ತಪ್ಪು ನಂದು ಅಂತ ಅವರು ಹೇಳಿದ್ದನ್ನ ನಾನು ಹುಟ್ಟಿದಾಗಿಂದ ಕೇಳಿಲ್ಲ. ಇವತ್ತೇ ಮೊದಲು. ಅದಕ್ಕೇ ಇದು ನಿಜ ಅಂತಿದೀನಿ."

ಮ್ಯಾನೇಜರಮ್ಮ ಅವಳನ್ನೇ ನೋಡಿದರು. "ನಿಜ ಅಲ್ಲದಿದ್ರೆ, ನಿನ್ನ ಕೆಲಸದ ವಿಷಯ ನಾಳೆ ಮಾತಾಡಬೇಕಾಗುತ್ತೆ. ಗೊತ್ತಲ್ಲ?"

"ಗೊತ್ತು ಮೇಡಂ."

ಐದು ನಿಮಿಷದಲ್ಲಿ ಡ್ರಮ್ಮುಗಳು ನಿಂತವು. ಲೈಟಿನವನನ್ನು ಕರೆಸಿದರು, ಚಾವಣಿಯ ಮೇಲಿನ ಮೂಲೆಮೂಲೆ ಗೊತ್ತಿದ್ದವನು ಅವನೊಬ್ಬನೇ. ಉಗ್ರಾಣದಲ್ಲಿ ಮಿಕ್ಕ ಬೋಲ್ಟುಗಳ ಡಬ್ಬಿ ಸಿಕ್ಕಿತು. ಸ್ಪ್ಯಾನರು, ಟಾರ್ಚು, ಸೊಂಟಕ್ಕೆ ಪಟ್ಟಿ. "ನಾನೇ ಹೋಗ್ತೀನಿ ಮೇಸ್ತ್ರಿ, ನೀವು ಇಲ್ಲಿಂದ ಹೇಳಿ," ಅಂದ ಲೈಟಿನವನು. ಮೇಸ್ತ್ರಿ ತಲೆಯಾಡಿಸಿದ. ಆ ಹಲಗೆಯ ಬಾಗು, ಬೋಲ್ಟು ಕೂರುವ ತೂತಿನ ಓರೆ, ಇದೆಲ್ಲ ಬಾಯಲ್ಲಿ ಹೇಳುವಂಥದ್ದಾಗಿರಲಿಲ್ಲ. ಅಲ್ಲದೆ ಅದು ಬೇರೆಯವರು ಮಾಡಬೇಕಾದ ಕೆಲಸವೂ ಆಗಿರಲಿಲ್ಲ.

ಚಾವಣಿಯ ಮೇಲ್ಗಡೆ ಬೇರೆಯದೇ ಲೋಕ. ಕೆಳಗಿನ ಅಂದಚಂದ ಯಾವುದೂ ಇಲ್ಲಿಲ್ಲ. ಕಬ್ಬಿಣದ ಕಿರಿದಾದ ಕಾಲುದಾರಿ, ತಂತಿಗಳ ಗೋಜಲು, ದೂಳು, ಕಾದ ಲೈಟಿನ ವಾಸನೆ. ಕಾಲುದಾರಿಯ ಎರಡೂ ಬದಿಗೆ ಹಲಗೆಗಳ ಬೆನ್ನುಗಳು, ಅವುಗಳ ಮೇಲೆ ಮೀನು, ಸೊನ್ನೆ, ಗೆರೆ. ಏಸಿ ಕೊಳವೆಯ ಹತ್ತಿರ ಮೇಸ್ತ್ರಿ ಹೊಸ ಅಂಗಿಯ ಸಮೇತ ಹೊಟ್ಟೆಯ ಮೇಲೆ ಮಲಗಿದ. ಮೊಣಕಾಲು ಚೀರಿತು. ಲೈಟಿನವನು ಅವನ ಕಾಲು ಹಿಡಿದುಕೊಂಡ. ಅವನ ಹಿಂದೆ, ಬರಬೇಡವೆಂದರೂ ಹತ್ತಿ ಬಂದ ಮಗಳು ಟಾರ್ಚು ಹಿಡಿದು ಬಗ್ಗಿದ್ದಳು.

ಕೊಳವೆಯಾಚೆ ಕೈ ಚಾಚಿದಾಗ ಅವನ ಬೆರಳಿಗೆ ಮೊದಲು ಸಿಕ್ಕಿದ್ದು ಬಲಗಡೆಯ ಕೊಂಡಿ. ಅದು ಸರಿಯಾಗಿತ್ತು. ಎಡಗಡೆಯದನ್ನು ಮುಟ್ಟಿದ. ಕೊಂಡಿ ಪೂರ್ತಿ ಬಾಯಿ ಕಳೆದಿತ್ತು. ತುದಿಯಲ್ಲಿ, ಉಗುರಿನ ಅಗಲದಷ್ಟು ಕಬ್ಬಿಣದ ಮೇಲೆ, ಆ ಮೂಲೆಯ ಭಾರವೆಲ್ಲ ನಿಂತಿತ್ತು.

"ಟಾರ್ಚು ಅಲ್ಲಾಡಿಸ್ಬೇಡ," ಅಂದ.

"ಇದೆಯಾ?" ಮಗಳು ಪಿಸುಗುಟ್ಟಿದಳು.

"ಇದೆ."

ಎಡಗೈಯಿಂದ ಹಲಗೆಯ ಅಂಚನ್ನು ಹಿಡಿದು ಎತ್ತಿದ. ಒಂದೂವರೆ ಬೆರಳು ಮೇಲೆದ್ದಿತು, ತಡೆಯಿತು. ಬೆವರು ಕಣ್ಣಿಗಿಳಿದು ಉರಿಯಿತು. ಬಲಗೈಯಲ್ಲಿ ಮೊದಲ ಬೋಲ್ಟನ್ನು ತೂತಿಗೆ ಹಿಡಿದ. ಕೂರಲಿಲ್ಲ. ಇನ್ನೊಂದು ಸಲ ಹಿಡಿದ. ಜಾರಿ ಹಲಗೆಯ ಬೆನ್ನ ಮೇಲೆ ಉರುಳಿ, ಅಂಚಿನವರೆಗೆ ಹೋಗಿ, ಸಂದಿನಲ್ಲಿ ಮಾಯವಾಯಿತು. ಎಷ್ಟೋ ಹೊತ್ತಾದ ಮೇಲೆ ಅನ್ನಿಸುವಂತೆ, ಕೆಳಗೆಲ್ಲೋ ಹದಿನಾಲ್ಕನೆಯ ಸಾಲಿನಲ್ಲಿ ಟಣ್ ಎಂದಿತು. ಆ ಸಭಾಂಗಣ ಆ ಸದ್ದನ್ನೂ ಚೆಂದವಾಗಿ ಮೂಲೆಮೂಲೆಗೆ ತಲುಪಿಸಿತು.

"ಇನ್ನೊಂದು ಕೊಡು," ಅಂದ ಮೇಸ್ತ್ರಿ.

ಮಗಳು ಲೈಟಿನವನ ಬೆನ್ನ ಮೇಲಿಂದ ಬಾಗಿ ಅವನ ಅಂಗೈಗೆ ಬೋಲ್ಟು ಇಟ್ಟಳು. ಇಟ್ಟು ಒಂದು ಕ್ಷಣ ಆ ಬೆರಳುಗಳನ್ನು ಗಟ್ಟಿಯಾಗಿ ಮುಚ್ಚಿ ಹಿಡಿದಳು, ಆಮೇಲೆ ಬಿಟ್ಟಳು. ಈ ಸಲ ಬೋಲ್ಟು ಕೂತಿತು. ಎರಡನೆಯದು ಬೇಗ ಕೂತಿತು. ಮೂರನೆಯದಕ್ಕೆ ಅವನ ತೋಳು ಮರಗಟ್ಟಿತ್ತು, ಕಾಣದೇ ಬರೀ ಬೆರಳಲ್ಲಿ ಹುಡುಕಿ ತಿರುಗಿಸಿದ. ನಾಲ್ಕನೆಯದನ್ನು ಬಿಗಿದು ಸ್ಪ್ಯಾನರು ಇಟ್ಟಾಗ ಐದು ಇಪ್ಪತ್ತು. ಜೇಬಿನಲ್ಲಿ ಯಾವಾಗಲೂ ಇರುವ ತುಂಡು ಪೆನ್ಸಿಲನ್ನು ತೆಗೆದ. ಹಿರೀಸೊಸೆಯ ಬೋಳು ಬೆನ್ನಿನ ಮೇಲೆ ಒಂದು ಗೆರೆ ಎಳೆದ. ಗೆರೆ ನೇರ ಬರಲಿಲ್ಲ. ಅದನ್ನು ಅಳಿಸಲಿಲ್ಲ.

ಕೆಳಗೆ ಮ್ಯಾನೇಜರಮ್ಮ, ಅವನು ಬಿಚ್ಚಿ ತಂದ ಬಾಯಿ ಕಳೆದ ಕೊಂಡಿಯನ್ನು ಅಂಗೈಯಲ್ಲಿಟ್ಟುಕೊಂಡು ತುಂಬಾ ಹೊತ್ತು ನೋಡಿದರು. ಅವರ ಮುಖ ಬಿಳಿಚಿಕೊಂಡಿತ್ತು. ಕೊನೆಗೆ, "ಈಗ ಸರಿಯಾಗಿದೆ ತಾನೇ?" ಅಂದರು.

"ಸರಿಯಾಗಿದೆ ಮೇಡಂ. ಬರ್ಕೊಡ್ಲಾ?"

"ಬೇಡ." ಅವರು ಬೇಡ ಅಂದದ್ದು ಮೆಲ್ಲಗೆ. ಆದರೂ ಅದು ಏಟಿನಂತೆ ಬಿತ್ತು. "ತಪ್ಪು ತಿಳ್ಕೋಬೇಡಿ. ನಿಮ್ಮ ಸಹಿ ನೋಡಿ ನಾನು ಆ ಅಜ್ಜಿನ ಅಲ್ಲಿ ಕೂರಿಸೋಕಾಗಲ್ಲ. ಇಂಜಿನಿಯರು ಬಂದು ನೋಡೋವರೆಗೆ ಹದಿಮೂರು, ಹದಿನಾಲ್ಕು, ಹದಿನೈದು, ಮೂರೂ ಸಾಲು ಖಾಲಿ."

"ನ್ಯಾಯವಾದ ಮಾತು," ಅಂದ ಮೇಸ್ತ್ರಿ. "ಒಂದು ಸೀಟಲ್ಲಿ ನಾನು ಕೂತ್ಕೋತೀನಿ ಮೇಡಂ. ಸಹಿ ಹಾಕೋ ಯೋಗ್ಯತೆ ಕಳ್ಕೊಂಡಿದೀನಿ, ಸರಿ. ಕೂರೋಕೆ ಸಹಿ ಬೇಡವಲ್ಲ."

ಮ್ಯಾನೇಜರಮ್ಮ ಆಗಲಿ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಫೋನು ಹೊಡೆದುಕೊಳ್ಳತೊಡಗಿತ್ತು, ಅದನ್ನು ಎತ್ತಿಕೊಂಡು ಹೊರಟುಹೋದರು.

ಬಾಗಿಲು ತೆರೆದಾಗ ಜನ ಹೊಳೆಯಂತೆ ನುಗ್ಗಿ ಬಂದರು. ಒಳಗೆ ಬಂದವರೆಲ್ಲ ಮೊದಲು ಮಾಡಿದ್ದು ಒಂದೇ ಕೆಲಸ, ತಲೆ ಎತ್ತಿ ಚಾವಣಿ ನೋಡಿದ್ದು. ಎಷ್ಟು ಚೆನ್ನಾಗಿದೆ, ಎಷ್ಟು ಚೆನ್ನಾಗಿದೆ ಎಂಬ ಮಾತು ಸಾಲಿನಿಂದ ಸಾಲಿಗೆ ಹಬ್ಬಿತು. ನಡುವಿನ ಮೂರು ಸಾಲಿಗೆ ಯಾರೂ ಹೋಗದಂತೆ ಅಡ್ಡ ಪಟ್ಟಿ ಕಟ್ಟಿತ್ತು. ಹದಿನಾಲ್ಕನೆಯದರ ಮಧ್ಯದಲ್ಲಿ, ದೂಳು ಮೆತ್ತಿದ ಹೊಸ ಅಂಗಿಯ ಮುದುಕನೊಬ್ಬ ಒಂಟಿಯಾಗಿ ಕೂತಿದ್ದ. ಇಪ್ಪತ್ತನೆಯ ಸಾಲಿನಿಂದ ಕೋಲಿನ ಅಜ್ಜಿಯ ಮಾತು ಸ್ಪಷ್ಟವಾಗಿ ಕೇಳುತ್ತಿತ್ತು. "ಒಳ್ಳೇ ಸೀಟು ಅಂತ ಬಾಯಲ್ಲಿ ಹೇಳಿ, ನಮ್ಮನ್ನ ಹಿಂದಕ್ಕೆ ತಳ್ಳಿ, ಆಮೇಲೆ ನೋಡಿದ್ರೆ ಆ ಯಪ್ಪ ಕೂತಿದಾನೆ. ಯಾರೋ ಭಾರೀ ದೊಡ್ಡ ಮನುಷ್ಯ ಇರಬೇಕು."

ದೀಪಗಳು ಒಂದೊಂದಾಗಿ ಆರತೊಡಗಿದವು. ಆಗ ಮೇಸ್ತ್ರಿಗೆ ಹಿಡಿಯಿತು ಭಯ. ಮೇಲೆ ಕೆಲಸ ಮಾಡುವಾಗ ಇಲ್ಲದ ಭಯ. ಮೊದಲನೆಯದು ಬಿಗಿದದ್ದು ನೆನಪಿದೆ. ಎರಡನೆಯದು ನೆನಪಿದೆ. ನಾಲ್ಕನೆಯದೂ. ಆದರೆ ಮೂರನೆಯದು? ತೋಳು ಮರಗಟ್ಟಿತ್ತು, ಕಣ್ಣಿಗೆ ಕಾಣುತ್ತಿರಲಿಲ್ಲ. ಸ್ಪ್ಯಾನರನ್ನು ಕೊನೆಯವರೆಗೆ ತಿರುಗಿಸಿದೆನೋ, ಅಥವಾ ತಿರುಗಿಸಿದೆ ಅಂದುಕೊಂಡೆನೋ? ಎಂಟು ತಿಂಗಳ ಹಿಂದೆಯೂ ಹೀಗೇ, ಸರಿಯಾಗಿದೆ ಅಂದುಕೊಂಡೇ ತಾನೇ ಕೆಳಗಿಳಿದದ್ದು. ತನ್ನ ಕೆಲಸವನ್ನು ತಾನೇ ನಂಬಲಾರದ ಸ್ಥಿತಿ ಅವನಿಗೆ ಹೊಸದು. ಇಷ್ಟು ವರ್ಷ ಬೇರೆಯವರ ಕೆಲಸ ಬಿಚ್ಚಿಸಿದಾಗ ಅವರಿಗೆ ಹೀಗೇ ಆಗುತ್ತಿತ್ತೇನೋ. ಅವನು ಸೀಟಿನ ಕೈಗಳನ್ನು ಬಿಗಿಯಾಗಿ ಹಿಡಿದುಕೊಂಡ. ಬಿದ್ದರೆ ತನ್ನೊಬ್ಬನ ಮೇಲೆ ಬೀಳಲಿ, ಅಷ್ಟಾದರೂ ನೆಟ್ಟಗಾಗಲಿ.

ಪಟ್ಟಿ ಅಲ್ಲಾಡಿತು. ಯಾರೋ ಅದನ್ನೆತ್ತಿ, ಬಗ್ಗಿ ಒಳಗೆ ನುಸುಳಿ, ಕೂತವರ ಮೊಣಕಾಲುಗಳನ್ನು ಸವರಿಕೊಂಡು ಬರುವಂತೆ ಖಾಲಿ ಸೀಟುಗಳ ಮುಂದೆ ನಡೆದು ಬಂದರು. ಮಗಳು. ಎದೆಯ ಮೇಲಿನ ಕೆಲಸದ ಬಿಲ್ಲೆಯನ್ನು ಬಿಚ್ಚಿ ಕೈಯಲ್ಲಿ ಹಿಡಿದಿದ್ದಳು. ಅವನ ಪಕ್ಕದ ಸೀಟನ್ನು ಕೆಳಕ್ಕೆ ಮಡಿಸಿ ಕೂತಳು.

"ಏಳು," ಅಂದ ಮೇಸ್ತ್ರಿ. "ಎದ್ದು ಹಿಂದೆ ಹೋಗು ಪುಟ್ಟಿ. ಇಲ್ಲಿ ಕೂರಬೇಡ."

"ಯಾಕೆ?"

"ಯಾಕೆ ಅಂದ್ರೆ... ಇಲ್ಲಿ ನಾನು ಕೂತಿದೀನಲ್ಲ, ಸಾಕು."

ಅವಳು ಬಿಲ್ಲೆಯನ್ನು ಮಡಿಲಲ್ಲಿಟ್ಟುಕೊಂಡಳು. ಅವಳ ಕೋಪ ಇಳಿದಿರಲಿಲ್ಲ. ಅದು ಇಳಿಯಲು ಇನ್ನೂ ದಿನಗಳು ಬೇಕು, ಮುಖದಲ್ಲೇ ಕಾಣುತ್ತಿತ್ತು. ವೇದಿಕೆಯ ಮೇಲೆ ಇಪ್ಪತ್ನಾಲ್ಕು ಜನ ಕೋಲುಗಳನ್ನು ಮೇಲೆತ್ತಿ ನಿಂತಿದ್ದರು.

"ಅಪ್ಪ, ನಾಲ್ಕೂ ಬಿಗಿದ್ಯಾ?"

ಅವನು ಮೂರನೆಯದನ್ನು ನೆನೆದ. ಬೆರಳಿನ ತುದಿಯಲ್ಲಿ ಆ ನಟ್ಟಿನ ಆರು ಅಂಚುಗಳನ್ನು ಹುಡುಕಿದ. ಸ್ಪ್ಯಾನರು ಒಂದು ಸುತ್ತು, ಇನ್ನರ್ಧ, ಆಮೇಲೆ ಇನ್ನು ತಿರುಗಲಾರೆ ಎಂದು ಕೈಗೆ ತಡೆದು ನಿಂತದ್ದು. ಹೌದು, ತಡೆದು ನಿಂತಿತ್ತು. ಮಣಿಕಟ್ಟಿಗೆ ನೋವು ಬಂದಿತ್ತು. ನೋವು ಈಗಲೂ ಇತ್ತು.

"ಬಿಗಿದೆ," ಅಂದ.

"ಸರಿ ಹಾಗಾದ್ರೆ," ಅಂದು ಅವಳು ಹಿಂದಕ್ಕೊರಗಿ ಕೂತಳು.

ಡ್ರಮ್ಮುಗಳ ಮೊದಲ ಏಟು ಬಿತ್ತು. ಕುರ್ಚಿ, ನೆಲ, ಎದೆಗೂಡು ಎಲ್ಲ ಒಟ್ಟಿಗೆ ನಡುಗಿದವು. ಮೇಸ್ತ್ರಿ ತಲೆ ಎತ್ತಿ ಮೇಲೆ ನೋಡಿದ. ಮಗಳು ನೋಡಲಿಲ್ಲ.